ಕೊಳದಂಚಿನ ಜಡ್ಜಮ್ಮ

ಹಾಲುಹಲ್ಲಿನ ಮಕ್ಕಳಿಗೆ ನೀರಿನ ಪಾಠ ಹೇಳುವವರು ಆ ಬಡಾವಣೆಯ ಒಳಾಂಗಣ ಈಜುಕೊಳದಲ್ಲಿ ಒಬ್ಬರೇ. ದುಂಡು ಮೈ, ಹಳದಿ ಟೋಪಿ, ಒದ್ದೆ ನೆಲದ ಮೇಲೆ ಅತ್ತಿತ್ತ ವಾಲುತ್ತ ಹೆಜ್ಜೆಯಿಡುವ ನಡಿಗೆ. ಮಕ್ಕಳು ಬಾಯ್ತುಂಬ ಬಾತು ಟೀಚರ್ ಎಂದು ಕರೆಯುತ್ತಿದ್ದವು. ದೊಡ್ಡವರು ಬರೀ ಟೀಚರ್ ಎನ್ನುತ್ತಿದ್ದರು, ಬಾತನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಿದ್ದರು. ಟೀಚರಿಗೆ ಎರಡೂ ಗೊತ್ತಿತ್ತು, ಎರಡಕ್ಕೂ ಬೇಜಾರಿರಲಿಲ್ಲ.

"ನಮ್ಮ ಮಗುಗೆ ಈಜು ಕಲಿಸಿ" ಎಂದು ಯಾರಾದರೂ ಬಂದರೆ ಅವರು ಮೊದಲು ಆ ಆಸೆಗೆ ತಣ್ಣೀರು ಎರಚುತ್ತಿದ್ದರು.

"ಈಜು ಆಮೇಲಿನ ಮಾತು. ನೀರಿಗೆ ಬಿದ್ರೆ ಏನು ಮಾಡ್ಬೇಕು ಅಂತ ಮೊದಲು ಕಲೀಲಿ. ಅದಕ್ಕೂ ಮುಂಚೆ, ಬೀಳದೇ ಇರೋದು ಹೇಗೆ ಅಂತ ಕಲೀಲಿ. ಇನ್ನೊಂದು ವಿಷ್ಯ. ಇಲ್ಲಿ ಕಲಿತ ಮಗು ಮುಳುಗಲ್ಲ ಅಂತ ನಾನು ಬರೆದುಕೊಡಲ್ಲ. ನಿಮ್ಮ ಕಣ್ಣು ಮಗು ಮೇಲಿರ್ಬೇಕು. ಫೋನ್ ಮೇಲಲ್ಲ."

ಫೋನು ಅಷ್ಟು ಹೊತ್ತಿಗೆ ಚೀಲದೊಳಗೆ ಸೇರಿರುತ್ತಿತ್ತು.

ಪಾಠಗಳು ಸಣ್ಣವು. ಕೇಳದೆ ನೀರಿಗೆ ಇಳಿಯಬಾರದು. ಅಂಚಿಗೆ ಬಂದರೆ ನಿಲ್ಲಬಾರದು, ಕೂರಬೇಕು. ಏನಾದರೂ ನೀರಿಗೆ ಬಿದ್ದರೆ ಬಗ್ಗಿ ತೆಗೆಯಬಾರದು, ದೊಡ್ಡವರನ್ನು ಕರೆಯಬೇಕು. ಯಾರಾದರೂ ಬಿದ್ದರೆ ತೇಲುಹಲಗೆ ಎಸೆಯಬೇಕು. ನೀರೊಳಗೆ ಬಾಯಿಂದ ಗುಳ್ಳೆ ಬಿಡುವುದು, ಹಿಂದಕ್ಕೆ ತಿರುಗಿ ಗೋಡೆ ಹಿಡಿಯುವುದು, ಹಿಡಿದ ಗೋಡೆಯನ್ನು ಬಿಡದೆ ಏಡಿಯಂತೆ ಪಕ್ಕಕ್ಕೆ ಸರಿದು ಮೆಟ್ಟಿಲು ಸೇರುವುದು, ಹೊಟ್ಟೆ ಮೇಲೆ ಮಾಡಿ ಅಂಗಾತ ತೇಲುತ್ತ ಚಾವಣಿ ನೋಡುವುದು. ಪ್ರತಿ ಮಗುವಿನ ಜೊತೆಗೂ ಮನೆಯವರೊಬ್ಬರು ನೀರಿಗಿಳಿಯಬೇಕು. ಹಾಗಾಗಿ ಟೀಚರ್ ಕಲಿಸುತ್ತಿದ್ದದ್ದು ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೇ ಹೆಚ್ಚು. ಮಕ್ಕಳು ಹೇಳಿದ ಮಾತನ್ನು ಬೇಗ ಕೇಳುತ್ತಿದ್ದವು.

ಒಂದು ಮಗುವನ್ನು ಬಿಟ್ಟು. ಆ ಒಂದು ಮಗು ಟೀಚರ್ ಮೊಮ್ಮಗಳು.

ಟೀಚರ್ ಮಗಳು ಸಿಟಿ ಬಸ್ ಓಡಿಸುತ್ತಾಳೆ. ಅಳಿಯ ಬೇಕರಿಯಲ್ಲಿ ಬ್ರೆಡ್ಡಿನ ಒಲೆ ನೋಡಿಕೊಳ್ಳುತ್ತಾನೆ. ಇಬ್ಬರಿಗೂ ಬೆಳಗಿನ ಪಾಳಿ. ಮಗು ಅಜ್ಜಿ ತಾತನ ಪಾಲು. ಮೂರು ತುಂಬಿದ ಮೇಲೆ ಅಜ್ಜಿ ಅವಳನ್ನು ಠೀವಿಯಿಂದ ಕೊಳಕ್ಕೆ ಕರೆತಂದರು. ಪುಟ್ಟ ಈಜುಡುಪು ಹಾಕಿಸಿ, ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕಾಣುವಂತೆ ಕೈ ಚಾಚಿದರು. ಮಗು ಕೈಯನ್ನು ನೋಡಿತು. ನೀರನ್ನು ನೋಡಿತು. ಅಂಚಿನಿಂದ ಸಾಕಷ್ಟು ದೂರದಲ್ಲಿದ್ದ ಬೆಂಚಿನ ಮೇಲೆ ತಾತನ ಪಕ್ಕ ಹೋಗಿ ಕೂತು ಕೈಕಟ್ಟಿಕೊಂಡಿತು.

"ಬರಲ್ಲ. ನೋಡ್ತೀನಿ."

ಅಂದಿನಿಂದ ಅವಳು ನೋಡಿದ್ದೇ ನೋಡಿದ್ದು. ಯಾವ ಮಗು ಅತ್ತಿತು, ಯಾವ ಅಪ್ಪ ಮೂಗಿಗೆ ನೀರು ಹೋಗಿ ಸೀನಿದ, ಯಾವ ಅಮ್ಮ ಮಗುವಿಗಿಂತ ಮೊದಲು ಕಿರುಚಿದಳು, ಎಲ್ಲವನ್ನೂ ಹುಬ್ಬು ಗಂಟಿಕ್ಕಿಕೊಂಡು ಗಮನಿಸುತ್ತಿದ್ದಳು. ಕ್ಲಾಸಿನ ಕೊನೆಗೆ ತಾತನ ಕಿವಿಯಲ್ಲಿ ತೀರ್ಪು ಹೇಳುತ್ತಿದ್ದಳು. ಅವಳ ಪಿಸುಮಾತು ಹಾಲ್‌ನ ಆ ತುದಿಗೂ ಕೇಳಿಸುತ್ತಿತ್ತು. ಹೀಗಾಗಿ ಹಲ್ಲಿನ ಡಾಕ್ಟರಮ್ಮ ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟರು. ಈ ಡಾಕ್ಟರಮ್ಮನ ಮಗನಿಗೆ ಗುಳ್ಳೆ ಬಿಡು ಎಂದರೆ ಕೊಳದ ನೀರನ್ನು ಗುಟುಕರಿಸುವುದೇ ಕೆಲಸ.

"ಅವನು ಮತ್ತೆ ಕುಡಿದ" ಎಂದು ಜಡ್ಜಮ್ಮ ಪಿಸುಗುಟ್ಟುತ್ತಿದ್ದಳು.

ಟೀಚರ್ ಪುಸಲಾಯಿಸಿ ನೋಡಿದರು. ಗದರಿ ನೋಡಿದರು. ಬಣ್ಣದ ಚೆಂಡು ತಂದರು, ಕಪ್ಪೆ ಆಕಾರದ ಟೋಪಿ ತಂದರು. ಬರದಿದ್ದರೆ ಬಿಡು, ನನಗೇನು ಎಂದು ಮುಖ ತಿರುಗಿಸಿಕೊಂಡೂ ನೋಡಿದರು. ಜಪ್ಪಯ್ಯ ಎಂದರೂ ಮಗು ಬೆಂಚು ಬಿಟ್ಟು ಕದಲಲಿಲ್ಲ. ಕಪ್ಪೆ ಟೋಪಿ ಮಾತ್ರ ಇಷ್ಟವಾಗಿ, ಅದನ್ನು ಹಾಕಿಕೊಂಡೇ ಬೆಂಚಿನ ಮೇಲೆ ಕೂರತೊಡಗಿತು.

ಇದನ್ನೆಲ್ಲ ನೋಡಿ ಖುಷಿಪಟ್ಟವರು ತಾತ. ಬದುಕೆಲ್ಲ ಗಡಿಯಾರ ರಿಪೇರಿ ಮಾಡಿದವರು. ಗಡಿಯಾರಕ್ಕೆ ನೀರಿಗಿಂತ ದೊಡ್ಡ ಶತ್ರು ಇಲ್ಲವಲ್ಲ, ಆ ಹಗೆಯನ್ನು ಅವರು ಮನೆಯ ಹಗೆಯಾಗಿಯೇ ಮಾಡಿಕೊಂಡಿದ್ದರು. ಮದುವೆಯಾದಂದಿನಿಂದ ಹೆಂಡತಿ ಕರೆದಾಗಲೆಲ್ಲ ಅವರದೊಂದೇ ಉತ್ತರ: ಸ್ನಾನಕ್ಕೆ ಬೇಕಾದಷ್ಟು ನೀರು ಬಕೆಟ್ಟಿನಲ್ಲಿದೆ. ಈಗ ಅಂಗಡಿ ಮುಚ್ಚಿ, ಮೊಮ್ಮಗಳ ನೆಪದಲ್ಲಿ ದಿನಾ ಪೇಪರು ಹಿಡಿದು ಕೊಳಕ್ಕೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬೆಲ್ಟು, ಕೈಯಲ್ಲಿ ಕೀ ಕೊಡುವ ಹಳೇ ವಾಚು. ಒಂದು ಹನಿ ಸಿಡಿದರೂ ಪೇಪರನ್ನು ಛತ್ರಿ ಮಾಡಿಕೊಳ್ಳುತ್ತಿದ್ದರು.

"ಮಗು ನನ್ನ ಹಾಗೇ ಕಣೇ" ಎಂದರು ಒಂದು ದಿನ ಊಟದ ಹೊತ್ತಿಗೆ. "ರಕ್ತದಲ್ಲೇ ಬಂದಿದೆ. ನೀನು ಏನು ಮಾಡಿದ್ರೂ ಅಷ್ಟೆ."

"ನಿಮ್ಮ ಪಕ್ಕ ಕೂತೂ ಕೂತೂ ಹಾಗಾಗಿದೆ. ಪೇಪರ್ ಓದೋದು ಬಿಟ್ಟು ಅವಳಿಗೆ ಒಂದು ಮಾತು ಹೇಳೋದಲ್ವಾ?"

"ಏನು ಹೇಳ್ಲಿ? ನಾನೇ ಇಳಿದಿಲ್ಲ."

"ಅದನ್ನೇ ಹೇಳಿ. ನನ್ನ ಥರ ಆಗ್ಬೇಡ ಅಂತ."

ಮಗಳು ಪಾಳಿ ಮುಗಿಸಿ ಮಗುವನ್ನು ಕರೆದೊಯ್ಯಲು ಬಂದಾಗ ಅವಳದೂ ಒಂದು ಚುಚ್ಚುಮಾತು ಇದ್ದೇ ಇರುತ್ತಿತ್ತು. "ಅಮ್ಮ, ಬಸ್ಸಲ್ಲಿ ಒಬ್ರು ಸಿಕ್ಕಿದ್ರು. ನಿಮ್ಮ ತಾಯಿ ಕೈಯಲ್ಲಿ ಕಲ್ಲೂ ತೇಲುತ್ತೆ ಅಂದ್ರು. ಹೌದು, ಮೊಮ್ಮಗಳು ಮಾತ್ರ ಬೆಂಚಿಗೆ ಅಂಟಿಕೊಂಡಿದಾಳೆ ಅಂದೆ."

"ಅದನ್ನೂ ಹೇಳಿದ್ಯಾ?"

"ಸ್ಟಾಪ್ ದೂರ ಇತ್ತು, ಮಾತಿಗೆ ಏನಾದ್ರೂ ಬೇಕಿತ್ತು."

ಟೀಚರ್ ನಕ್ಕರು. ಒಳಗೆ ಮಾತ್ರ ಏನೋ ಚುರುಕ್ ಎಂದಿತು. ಬೇರೆಯವರ ಮಕ್ಕಳು ಹೆದರಿದರೆ ಅವರಿಗೆ ಕಾರಣ ಹೊಳೆಯುತ್ತಿತ್ತು. ಒಂದಕ್ಕೆ ಕಿವಿಗೆ ನೀರು ಹೋಗುವ ಭಯ, ಇನ್ನೊಂದಕ್ಕೆ ಅಮ್ಮನಿಂದ ಅಂಟಿದ ಭಯ. ಇವಳ ಮುಖದಲ್ಲಿ ಭಯವೇ ಕಾಣಿಸುತ್ತಿರಲಿಲ್ಲ. ಮನೆಯ ಬಚ್ಚಲಲ್ಲಿ ತಲೆ ಮೇಲೆ ನೀರು ಸುರಿದರೆ ಕಿಲಕಿಲ ನಗುವ ಮಗು. ಬೊಂಬೆಯನ್ನು ಬಕೆಟ್ಟಿನಲ್ಲಿ ಅಂಗಾತ ಮಲಗಿಸಿ ಅದರೊಂದಿಗೆ ಏನೋ ಗುಸುಗುಸು ಮಾತಾಡುವ ಮಗು. ಕೊಳಕ್ಕೆ ಬಂದರೆ ಯಾಕೆ ಹೀಗೆ ಎಂಬುದು ಅವರಿಗೆ ಬಗೆಹರಿಯಲಿಲ್ಲ. ಬಗೆಹರಿಯದ್ದನ್ನು ಒಪ್ಪಿಕೊಳ್ಳುವ ಸ್ವಭಾವವೂ ಅವರದಲ್ಲ.

ಆ ದಿನ ಕ್ಲಾಸು ಮುಗಿದಿತ್ತು. ಮಕ್ಕಳೆಲ್ಲ ಟವಲ್ಲು ಸುತ್ತಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಹೋಗಿದ್ದರು. ಅಲ್ಲಿಂದ ಹೇರ್ ಡ್ರೈಯರ್ ಸದ್ದು, ಯಾರದೋ ಕಾಲ್ಚೀಲ ಕಾಣೆಯಾದ ಗಲಾಟೆ. ಟೀಚರ್ ತೇಲುಹಲಗೆಗಳನ್ನು ಬಾಚಿಕೊಂಡು ಉಗ್ರಾಣದ ಕಡೆ ಹೊರಟರು. ಒಂದೆರಡು ಹಲಗೆ ಅಂಚಿನಲ್ಲೇ ಉಳಿದವು. ಹೋಗುವ ಮುಂಚೆ ತಮ್ಮ ನಿಯಮದಂತೆ ಗಂಡನ ಎದುರು ನಿಂತು ಹೇಳಿದರು.

"ಈಗ ಕಣ್ಣು ನಿಮ್ಮದು."

ಕೊಳದ ಹತ್ತಿರ ಮಗುವನ್ನು ಒಬ್ಬರ ಕಾವಲಿನಿಂದ ಇನ್ನೊಬ್ಬರಿಗೆ ಒಪ್ಪಿಸುವಾಗ ಹೀಗೆ ಬಾಯಿ ಬಿಟ್ಟು ಹೇಳಬೇಕು, ಆ ಕಡೆಯವರು ನನ್ನದು ಎನ್ನಬೇಕು. ಅವರು ನೋಡುತ್ತಾರೆಂದು ಇವರು, ಇವರು ನೋಡುತ್ತಾರೆಂದು ಅವರು ಸುಮ್ಮನಾಗಬಾರದು.

"ನಂದೇ, ನಂದೇ" ಎಂದರು ತಾತ. ಪೇಪರ್ ಮಡಚಿಯೂ ಇಟ್ಟರು.

ಉಗ್ರಾಣದಲ್ಲಿ ಟೀಚರ್ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ ನೀರಿಗೆ ಏನೋ ಬಿದ್ದ ಸದ್ದು ಕೇಳಿಸಿತು.

ಅದು ಭಾರದ ಸದ್ದು. ಬೇರೆ ದಿನವಾಗಿದ್ದರೆ ಬಿದ್ದದ್ದು ಚೆಂಡೋ ಮಗುವೋ ದೊಡ್ಡವರೋ ಎಂದು ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಆದರೆ ಎದೆ ಹೆದರಿದಾಗ ಕಿವಿಗೆ ಬೇಕಾದ್ದು ಕೇಳಿಸುವುದಿಲ್ಲ. ಕೈಯಲ್ಲಿದ್ದ ಹಲಗೆಗಳು ನೆಲಕ್ಕೆ ಬಿದ್ದವು. ಮನಸ್ಸಿಗೆ ಕಂಡದ್ದು ಒಂದೇ: ಹಸಿರು ಕಪ್ಪೆ ಟೋಪಿ ನೀರಿನ ತಳದಲ್ಲಿ.

ಅಷ್ಟರಲ್ಲಿ ಕಂಚಿನ ಗಂಟೆಯಂಥ ದನಿಯೊಂದು ಹಾಲ್ ತುಂಬಿತು. "ದೊಡ್ಡವರು ಬನ್ನಿ. ದೊಡ್ಡವರು ಬನ್ನಿ."

ಮಗುವಿನ ದನಿ. ದನಿ ನೀರಿನ ಮೇಲಿದೆ, ಒಣಗಿದೆ, ಗಟ್ಟಿಯಾಗಿದೆ. ಟೀಚರಿಗೆ ಹೋದ ಉಸಿರು ವಾಪಸ್ ಬಂತು, ಬಂದದ್ದೇ ಓಡಿದರು. ಕೊಳದ ಬಳಿ ಓಡಬಾರದು ಎಂದು ಊರಿಗೆಲ್ಲ ಹೇಳಿದ ಹೆಂಗಸು, ಆ ದುಂಡು ಮೈ ಹೊತ್ತುಕೊಂಡು, ಒದ್ದೆ ನೆಲದ ಮೇಲೆ ಬಿದ್ದೆನೋ ಕೆಟ್ಟೆನೋ ಎಂದು ಓಡಿದರು.

"ಓಡ್ಬೇಡ ಅಜ್ಜಿ" ಎಂದಳು ಜಡ್ಜಮ್ಮ. "ಜಾರ್ತೀಯ."

ಅವಳು ಅಂಚಿನಲ್ಲಿ ನಿಂತಿರಲಿಲ್ಲ. ಕಲಿಸಿದ ಹಾಗೆ, ಅಂಚಿಗಿಂತ ಒಂದಿಷ್ಟು ಹಿಂದಕ್ಕೆ, ಕುಂಡೆ ಊರಿ ಗಟ್ಟಿಯಾಗಿ ಕೂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಚಪ್ಪಲಿ ಕೊಳದ ಮಧ್ಯಕ್ಕೆ ನೆಮ್ಮದಿಯಾಗಿ ತೇಲಿಕೊಂಡು ಹೋಗುತ್ತಿತ್ತು. ಅದರ ಸ್ವಲ್ಪ ಈಚೆಗೆ ಒಂದು ತೇಲುಹಲಗೆ. ಹಲಗೆಯ ಪಕ್ಕದಲ್ಲಿ, ಇಸ್ತ್ರಿ ಅಂಗಿ, ಬೆಲ್ಟು, ಬೂಟುಗಳ ಸಮೇತ, ಅಂಗಾತ, ತಾತ.

"ಹೊಟ್ಟೆ ಮೇಲೆ, ತಾತ. ಇನ್ನೂ ಮೇಲೆ" ಎನ್ನುತ್ತಿತ್ತು ಮಗು. "ಕಿವಿ ನೀರೊಳಗೆ ಇರ್ಲಿ, ಏನೂ ಆಗಲ್ಲ. ಚಾವಣಿ ನೋಡು. ನಾಟಕ ಬೇಡ."

ತಾತ ಚಾವಣಿ ನೋಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಅವರು ಯಾವ ಗಡಿಯಾರವನ್ನೂ ನೋಡಿರಲಿಲ್ಲ. ಎಡಗೈಯೊಂದನ್ನು ಮಾತ್ರ ಕಂಬದ ಹಾಗೆ ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದಿದ್ದರು. ಅದರಲ್ಲಿ ವಾಚಿತ್ತು. ಕೈ ಎತ್ತಿದಷ್ಟೂ ಮೂಗು ಮುಳುಗುತ್ತಿತ್ತು, ಮೂಗು ಮುಳುಗಿದಷ್ಟೂ ಕಾಲು ಬಡಿಯುತ್ತಿತ್ತು. ಹಾಗಿದ್ದರೂ ವಾಚಿಗೆ ಹನಿ ತಾಗಿಸಿಕೊಂಡಿರಲಿಲ್ಲ.

ಟೀಚರ್ ಅಂಚಿಗೆ ಬಂದು ನಿಂತರು. ಒಮ್ಮೆ ಮೊಮ್ಮಗಳ ತಲೆ ಮುಟ್ಟಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, ಬಹಳ ಮೆಲ್ಲಗೆ ಹೇಳಿದರು.

"ರೀ. ಎದ್ದು ನಿಂತ್ಕೊಳ್ಳಿ."

"ಆಗಲ್ಲ ಕಣೇ. ಮುಳುಗ್ತೀನಿ."

"ಕಾಲು ಕೆಳಗೆ ಬಿಡಿ."

ತಾತ ಕಾಲು ಕೆಳಗೆ ಬಿಟ್ಟರು. ನೆಲ ಸಿಕ್ಕಿತು. ಎದ್ದು ನಿಂತರು. ನೀರು ಬೆಲ್ಟಿನ ಬಕಲ್‌ನಿಂದ ಒಂದು ಗೇಣೂ ಮೇಲೆ ಬರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಅಷ್ಟು ಹೊತ್ತಿಗೆ ಅಪ್ಪ ಅಮ್ಮಂದಿರೆಲ್ಲ ಜಮಾಯಿಸಿದ್ದರು. ಹಲ್ಲಿನ ಡಾಕ್ಟರಮ್ಮ ಟವಲ್ಲನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು. ಅವರ ಮಗ ಮಾತ್ರ ಆಸೆಯಿಂದ ಕೇಳಿದ, "ತಾತ, ಎಷ್ಟು ಕುಡಿದ್ರಿ?"

ಏನಾಯಿತೆಂಬುದು ಆಮೇಲೆ ತುಂಡುತುಂಡಾಗಿ ಗೊತ್ತಾಯಿತು. ಬೊಂಬೆಗೆ ಅಂಚಿನಲ್ಲಿ ಕೂರುವುದನ್ನು ಕಲಿಸುತ್ತಿದ್ದಾಗ ಮಗುವಿನ ಕಾಲಿನಿಂದ ಚಪ್ಪಲಿ ಜಾರಿ ನೀರಿಗೆ ಬಿತ್ತು. ಬಿಡು ತಾತ, ಅಜ್ಜಿನ ಕರೀಬೇಕು ಎಂದು ಮಗು ಹೇಳಿತು. ಒಂದು ಚಪ್ಪಲಿಗೆ ಅಜ್ಜಿ ಯಾಕೆ ಎಂದು ತಾತ ಪೇಪರನ್ನು ಸುರುಳಿ ಸುತ್ತಿ, ಅದರಿಂದ ಚಪ್ಪಲಿಯನ್ನು ಎಳೆಯಲು ಬಗ್ಗಿದರು. ಬಗ್ಗಬಾರದು ಎಂದು ಮಗು ಮತ್ತೆ ಹೇಳಿತು. ತಾತ ಇನ್ನೊಂಚೂರು ಬಗ್ಗಿ ನೀರಿಗೆ ಬಿದ್ದರು. ಆಮೇಲೆ ಮಗು ಹಲಗೆಯೊಂದನ್ನು ಎತ್ತಿ ಅವರ ಕಡೆ ಎಸೆಯಿತು. ಅದು ಸರಿಯಾಗಿ ಹೋಗಿ ಅವರ ಬೋಳುತಲೆಗೆ ಬಡಿಯಿತು.

"ಅದೇ ನೋಡು ತಪ್ಪಾಗಿದ್ದು" ಎಂದರು ತಾತ, ಟವಲ್ಲು ಹೊದ್ದು ನಡುಗುತ್ತ. "ಹಲಗೆ ತಲೆಗೆ ಬೀಳದಿದ್ರೆ ನಾನೇ ಎದ್ದು ಬರ್ತಿದ್ದೆ."

"ಕಣ್ಣು ನಂದೇ ಅಂದಿದ್ರಲ್ಲ" ಎಂದರು ಟೀಚರ್.

"ಕಣ್ಣು ಮಗು ಮೇಲೇ ಇತ್ತು ಕಣೇ. ಬೀಳುವಾಗ್ಲೂ ಅವಳನ್ನೇ ನೋಡ್ತಿದ್ದೆ."

ಟೀಚರ್ ನಗಬೇಕೆಂದುಕೊಂಡರು. ನಗು ಬರಲಿಲ್ಲ. ಬಿದ್ದ ಹಲಗೆಗಳನ್ನು ಎತ್ತಿಡುತ್ತೇನೆಂದು ಉಗ್ರಾಣಕ್ಕೆ ಹೋದರು. ಒಳಗೆ ಹೋಗಿ ತಲೆಕೆಳಗಾಗಿಟ್ಟಿದ್ದ ಬಕೆಟ್ಟಿನ ಮೇಲೆ ಕೂತರು. ಹಳದಿ ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಹಾಗೇ ಕೂತಿದ್ದಾಗ ಬಾಗಿಲು ಸರಿಯಿತು. ಒಂದು ಕಾಲಿನ ಚಪ್ಪಲಿ ಚಟಪಟ ಎನ್ನುತ್ತ ಬಂದು ಪಕ್ಕ ನಿಂತಿತು.

"ಅಜ್ಜಿ, ಅಳ್ತಿದೀಯಾ?"

"ಇಲ್ಲ. ಕ್ಲೋರಿನ್."

ಮಗು ಅದನ್ನು ನಂಬಿದಂತೆ ಕಾಣಲಿಲ್ಲ, ಆದರೆ ಬಿಟ್ಟುಕೊಟ್ಟಿತು.

ಟೀಚರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. "ಎಲ್ಲ ಗೊತ್ತಲ್ಲ ನಿಂಗೆ. ಕೂರೋದು ಗೊತ್ತು, ಕರೆಯೋದು ಗೊತ್ತು, ಎಸೆಯೋದೂ ಗೊತ್ತು. ತೇಲೋದನ್ನ ತಾತಂಗೇ ಹೇಳಿಕೊಟ್ಟೆ. ಮತ್ಯಾಕೆ ಪುಟ್ಟಾ ನನ್ನ ಜೊತೆ ನೀರಿಗೆ ಬರಲ್ಲ?"

ಇಷ್ಟು ದಿನ ಅವರು ಬಾ ಎಂದಿದ್ದರು, ಬೇಡ ಎಂದಿದ್ದರು, ನೋಡು ಕಪ್ಪೆ ಟೋಪಿ ಎಂದಿದ್ದರು. ಯಾಕೆ ಎಂದು ಕೇಳಿದ್ದು ಅದೇ ಮೊದಲು.

ಮಗು ಅಜ್ಜಿಯ ಕೊರಳಲ್ಲಿದ್ದ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಯೋಚಿಸಿತು.

"ಅವನಿಗೆ ಅವನ ಅಮ್ಮ ಇದಾರೆ" ಎಂದಿತು. ನೀರು ಕುಡಿಯುವ ಹುಡುಗನ ವಿಷಯ. "ಆ ಪಾಪುಗೆ ಅಪ್ಪ ಇದಾರೆ. ನೀನು ಎಲ್ಲರ್ದೂ. ನೀರಲ್ಲಿ ನಂಗೆ ಯಾರೂ ಇಲ್ಲ."

ಪ್ರತಿ ಮಗುವಿಗೂ ಮನೆಯವರೊಬ್ಬರು ಬೇಕು ಎಂದು ನಿಯಮ ಮಾಡಿದವರು ಟೀಚರೇ. ಆ ನಿಯಮ ತಮ್ಮ ಮೊಮ್ಮಗಳಿಗೂ ಅನ್ವಯಿಸುತ್ತದೆ ಎಂಬುದು ಅವರ ತಲೆಗೆ ಹೋಗಿರಲಿಲ್ಲ. ಅಜ್ಜಿ ತಾನಿದ್ದೇನಲ್ಲ ಎಂದುಕೊಂಡಿದ್ದರು. ಆದರೆ ಕೊಳಕ್ಕಿಳಿದ ಮೇಲೆ ಅಜ್ಜಿಯ ಒಂದು ಕೈ ಒಂದು ಮಗುವಿನ ಕತ್ತಿನಡಿ, ಇನ್ನೊಂದು ಕೈ ಇನ್ನೊಂದರ ಬೆನ್ನಡಿ. ಬೆಂಚಿನ ಮೇಲೆ ಕೂತವಳಿಗೆ ಅದು ಚೆನ್ನಾಗಿ ಕಂಡಿತ್ತು.

"ಯಾರು ಬೇಕು ನಿಂಗೆ?" ಎಂದು ಕೇಳಿದರು.

"ತಾತ" ಎಂದಳು ಜಡ್ಜಮ್ಮ, ಒಂದು ಕ್ಷಣವೂ ತಡಮಾಡದೆ. "ತಾತಂಗೆ ಏನೂ ಬರಲ್ಲ. ಕಲಿಸ್ಬೇಕು."

ತಾತನನ್ನು ಒಪ್ಪಿಸುವುದು ಮಗುವನ್ನು ಒಪ್ಪಿಸಿದಷ್ಟು ಸುಲಭವಾಗಿರಲಿಲ್ಲ. ಸೊಂಟನೋವು ಎಂದರು. ವಾಚು ಬಿಟ್ಟರೆ ಕೈ ಹಗುರವಾಗಿ ತಲೆ ಸುತ್ತುತ್ತದೆ ಎಂದರು. ಈ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಹಲ್ಲಿನ ಡಾಕ್ಟರಮ್ಮನ ಎದುರು ನಿಂತರೆ ಮುಂದೆ ಯಾವ ಮುಖ ಇಟ್ಟುಕೊಂಡು ಹಲ್ಲು ಕೀಳಿಸಿಕೊಳ್ಳಲಿ ಎಂದರು. ಮಗಳು ಆ ಸಂಜೆ ಬಂದು ಎಲ್ಲವನ್ನೂ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಅಪ್ಪನ ಪಕ್ಕ ಕೂತಳು.

"ಅಪ್ಪ, ರಜಾ ದಿನ ನಾನೇ ಅವಳ ಜೊತೆ ಇಳೀತೀನಿ. ಬೇರೆ ದಿನ ನೀವಲ್ದೆ ಯಾರಿದಾರೆ ಹೇಳಿ?" ಎಂದಳು.

ತಾತ ಮೊಮ್ಮಗಳ ಕಡೆ ನೋಡಿದರು. ಅವಳು ಕೈಕಟ್ಟಿಕೊಂಡು ನಿಂತಿದ್ದಳು. ಆ ಮುಖ ನೋಡಿ ಅವರಿಗೆ ಮೇಲ್ಮನವಿಗೆ ಜಾಗ ಇಲ್ಲವೆಂದು ಗೊತ್ತಾಯಿತು.

ಮುಂದಿನ ಕ್ಲಾಸಿಗೆ ತಾತ ಅಳಿಯನ ಚಡ್ಡಿ ಹಾಕಿಕೊಂಡು ಬಂದರು. ಅದು ಮಂಡಿಯವರೆಗೆ ಇತ್ತು, ಅದರ ತುಂಬ ಅನಾನಸ್ ಹಣ್ಣಿನ ಚಿತ್ರಗಳಿದ್ದವು. ಅಪ್ಪ ಅಮ್ಮಂದಿರು ಬಹಳ ಸಭ್ಯತೆಯಿಂದ ಬೇರೆ ಕಡೆ ನೋಡಿದರು. ಮಕ್ಕಳಿಗೆ ಸಭ್ಯತೆಯ ಹಂಗಿರಲಿಲ್ಲ, ಅನಾನಸ್ ಎಣಿಸಲು ಕೂತವು.

ಜಡ್ಜಮ್ಮ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಕೇಳಿದಳು. "ಟೀಚರ್, ನೀರಿಗೆ ಬರ್ಲಾ?"

ಅಜ್ಜಿ ಎನ್ನಲಿಲ್ಲ. ಎಲ್ಲ ಮಕ್ಕಳೂ ಕೇಳುವ ಹಾಗೆಯೇ ಕೇಳಿದಳು. ಟೀಚರೂ ಎಲ್ಲ ಮಕ್ಕಳಿಗೂ ಹೇಳುವ ಹಾಗೆಯೇ ಹೇಳಿದರು.

"ಬನ್ನಿ. ನಿಮ್ಮ ಜೊತೆ ಯಾರಿದಾರೆ?"

"ನಮ್ಮ ತಾತ."

ಅವಳು ತಾತನ ಬೆರಳು ಹಿಡಿದು ಇಳಿದಳು. ಯಾರು ಯಾರನ್ನು ಇಳಿಸಿದರು ಎಂದು ನೋಡಿದವರಿಗೆ ಹೇಳುವುದು ಕಷ್ಟವಿತ್ತು. ನೀರು ಸೊಂಟ ಮುಟ್ಟಿದಾಗ ಅವಳ ತುಟಿ ಒಮ್ಮೆ ನಡುಗಿತು. ತಾತನ ತುಟಿಯೂ ನಡುಗುತ್ತಿತ್ತು. ಅದನ್ನು ಕಂಡು ಅವಳು ತನ್ನದನ್ನು ನಿಲ್ಲಿಸಿಕೊಂಡಳು.

ಮೊದಲ ದಿನ ಗೋಡೆ ಹಿಡಿಯುವುದಷ್ಟೇ ಆಯಿತು. ಬೆಂಚಿನಿಂದ ನೋಡುವುದಕ್ಕೂ ನೀರಲ್ಲಿ ಮಾಡುವುದಕ್ಕೂ ವ್ಯತ್ಯಾಸವಿದೆ ಎಂದು ಜಡ್ಜಮ್ಮನಿಗೂ ತಿಳಿಯಿತು. ಗುಳ್ಳೆ ಬಿಡಲು ಹೋಗಿ ಅವಳೂ ಒಂದು ಗುಟುಕು ಕುಡಿದಳು. ಹಲ್ಲಿನ ಡಾಕ್ಟರಮ್ಮನ ಮಗ ಎಷ್ಟೋ ದಿನದ ಸೇಡಿನಿಂದ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ, "ಅವಳೂ ಕುಡಿದಳು." ಅವಳು ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿಕೊಂಡಳು. ಟೀಚರ್ ಅವಳ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟು, ತಡೆದು ನಿಂತರು. ತಾತ ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಹೇಳಿದರು. ಅವಳು ನಕ್ಕಳು. ಏನು ಹೇಳಿದರೆಂದು ಟೀಚರ್ ಆಮೇಲೆ ಎಷ್ಟು ಕೇಳಿದರೂ ಇಬ್ಬರೂ ಬಾಯಿ ಬಿಡಲಿಲ್ಲ.

ತೇಲಲು ಇನ್ನೂ ಕೆಲವು ವಾರ ಬೇಕಾದವು. ಕೊನೆಗೊಂದು ಬೆಳಿಗ್ಗೆ ತಾತನ ಅಂಗೈ ಕತ್ತಿನಡಿ ಇದ್ದಂತೆಯೇ ಅವಳು ಹೊಟ್ಟೆ ಮೇಲೆ ಮಾಡಿದಳು, ಕಿವಿ ಮುಳುಗಿಸಿದಳು, ಕೈ ಚಾಚಿದಳು. ಟೀಚರ್ ಇನ್ನೊಂದು ಮಗುವಿನ ಬೆನ್ನು ಹಿಡಿದಿದ್ದರೂ ಓರೆಗಣ್ಣಿನಿಂದ ನೋಡುತ್ತಲೇ ಇದ್ದರು. ತಾತನ ಅಂಗೈ ಮೆಲ್ಲಗೆ, ಗಡಿಯಾರದ ಮುಳ್ಳು ಸರಿಯುವಷ್ಟು ಮೆಲ್ಲಗೆ, ಕೆಳಗಿಳಿಯಿತು. ಮಗು ಮೇಲೆಯೇ ಉಳಿಯಿತು. ತಾತ ಉಸಿರು ಬಿಗಿಹಿಡಿದು ಹೆಂಡತಿಯ ಕಡೆ ನೋಡಿದರು.

"ಕಣ್ಣು ಮಗು ಮೇಲೆ" ಎಂದರು ಟೀಚರ್.

"ಚಾವಣೀಲಿ ಒಂದು ಗೂಡಿದೆ" ಎಂದಿತು ಮಗು, ತೇಲುತ್ತಲೇ. "ಜೇಡಂದು."

ಮನೆಗೆ ಹೋಗುವ ದಾರಿಯಲ್ಲಿ ಮೂವರ ತಲೆಯೂ ಒದ್ದೆಯಾಗಿತ್ತು, ತಾತನ ತಲೆಯಲ್ಲಿ ಒದ್ದೆಯಾಗಲು ಹೆಚ್ಚೇನೂ ಇರದಿದ್ದರೂ. ಮಗು ಮುಂದೆ ಮುಂದೆ ಹೋಗುತ್ತಿತ್ತು. ತಾತ ಹೆಂಡತಿಯ ಪಕ್ಕಕ್ಕೆ ಬಂದು, ಅಂಗಡಿಗಳ ಬೋರ್ಡು ಓದುವವರಂತೆ ನಟಿಸುತ್ತ ಕೇಳಿದರು.

"ಹೇಗೆ ಮಾಡ್ದೆ?"

"ಮಗು ಚೆನ್ನಾಗಿ ಮಾಡ್ತು."

"ನನ್ನ ವಿಷ್ಯ ಕೇಳಿದ್ದು."

ಟೀಚರ್ ಅವರ ಕೈಯಲ್ಲಿದ್ದ ಒದ್ದೆ ಚೀಲವನ್ನು ತಾವು ಇಸಿದುಕೊಂಡರು.

"ನಾಳೆ ನಿಮಗೆ ಏಡಿ ನಡಿಗೆ" ಎಂದರು. "ಗೋಡೆ ಗಟ್ಟಿಯಾಗಿ ಹಿಡ್ಕೊಳ್ಳಿ."